ಒಂದು ಪವನು ಕರುಣೆ

ಚಿನ್ನದಂಗಡಿಯವರ ಲೆಕ್ಕದಲ್ಲಿ ಎಂಟು ಗ್ರಾಂ ಎಂದರೆ ಒಂದು ಪವನು. ಜಿನೀವಾದಲ್ಲಿ ಕೂತು ಯುದ್ಧದ ಆಯುಧಗಳಿಗೆ ನಿಯಮ ಬರೆಯುವವರ ಲೆಕ್ಕದಲ್ಲಿ ಎಂಟು ಗ್ರಾಂ ಎಂದರೆ ಮಾನವೀಯತೆ. ಮನುಷ್ಯನ ಕಾಲು ಹಾರಿಸುವ ನೆಲಬಾಂಬು ಲೋಹಶೋಧಕದ ಕಿವಿಗೆ ಕನಿಷ್ಠ ಎಂಟು ಗ್ರಾಂ ಕಬ್ಬಿಣದಷ್ಟಾದರೂ ಕೇಳಿಸಬೇಕು ಎಂದು 1996ರ ಮೇ 3ರಂದು ತಿದ್ದುಪಡಿಯಾದ ಎರಡನೇ ಪ್ರೊಟೊಕಾಲ್, ಅಂದರೆ ಅವರ ಆಯುಧ ಒಪ್ಪಂದಕ್ಕೆ ಜೋಡಿಸಿದ ನಿಯಮಪತ್ರ, ವಿಧಿಸಿದೆ. ಅಲ್ಲಿಷ್ಟು ಇಲ್ಲಿಷ್ಟು ಚೂರುಪಾರು ಸೇರಿಸಿದರೆ ನಡೆಯದು, ಒಂದೇ ಗಟ್ಟಿಯ ಲೆಕ್ಕವಾಗಬೇಕು. 1997ರ ಜನವರಿ 1ರಿಂದೀಚೆಗೆ ತಯಾರಾದ ಬಾಂಬಾದರೆ ಆ ಲೋಹ ಹುಟ್ಟಿನಿಂದಲೇ ಒಳಗಿರಬೇಕು. ಹಳೆ ಸರಕಾದರೆ ಹೂಳುವ ಮುಂಚೆ ಅಂಟಿಸಬೇಕು, ಸುಲಭಕ್ಕೆ ಕಿತ್ತು ಬರದ ಹಾಗೆ. ಒಂದು ಪವನು ಕಬ್ಬಿಣ ಹೊಂದಿಸಲು ತಕ್ಷಣಕ್ಕೆ ಆಗದು ಎಂದ ದೇಶಗಳಿಗೆ ಒಂಬತ್ತು ವರ್ಷದ ವಾಯಿದೆಯನ್ನೂ ಕೊಟ್ಟಿದ್ದರು.

ಈ ಎಂಟು ಗ್ರಾಂ ಬೇಕಾದದ್ದು ಏಕೆಂದರೆ, ಎಂ14ರಂಥ ಬಾಂಬುಗಳ ಮೈಯೆಲ್ಲ ಪ್ಲಾಸ್ಟಿಕ್. ಒಳಗಿರುವ ಲೋಹ ಸೂಜಿಯಂಥ ಒಂದು ಉಕ್ಕಿನ ಪಿನ್ನು ಅಷ್ಟೆ. ಶೋಧಕ ಮೇಲೆ ಹಾದುಹೋದರೂ ಕಮಕ್ ಕಿಮಕ್ ಅನ್ನುವುದಿಲ್ಲ. ಕಬ್ಬಿಣ ಸೇರಿಸಿದರೆ ಕೂಗುತ್ತದೆ, ನಿಜ. ತುಕ್ಕು ಹಿಡಿದ ಮೊಳೆ, ಡಬ್ಬಿಯ ಮುಚ್ಚಳ, ಹಾರಿಸಿ ಬಿಟ್ಟ ಕಾಡತೂಸಿನ ಕವಚ ಕಂಡರೂ ಹಾಗೇ ಕೂಗುತ್ತದೆ. ಯುದ್ಧ ನಡೆದ ಹೊಲದಲ್ಲಿ ಅವಕ್ಕೇನು ಬರವೇ? ಒಂದೊಂದು ಕೂಗಿಗೂ ಬಾಂಬು ತೆಗೆಯುವವನು ನೆಲಕ್ಕೆ ಬಾಗಿ, ಸರಳನ್ನು ಸುಮಾರು 30 ಡಿಗ್ರಿ ಓರೆಯಾಗಿ ಮಣ್ಣಿಗೆ ತೂರಿಸಬೇಕು. ನೇರ ಚುಚ್ಚಿದರೆ ತಾಗುವುದು ಬಾಂಬಿನ ನೆತ್ತಿ, ಓರೆ ಚುಚ್ಚಿದರೆ ಪಕ್ಕೆ. ಹತ್ತು ಮೊಳೆ ಸಿಕ್ಕ ಮೇಲೆ ಹನ್ನೊಂದನೆಯದೂ ಮೊಳೆಯೇ ಇರಬೇಕು ಅನ್ನಿಸತೊಡಗುತ್ತದೆ. ಅವಘಡವಾಗುವುದು ಆಗಲೇ.

ದೂರದಿಂದ ಎರಚುವ ಬಾಂಬಿಗೆ ಬೇರೆ ಅಳತೆ. 30 ದಿನದೊಳಗೆ ನೂರಕ್ಕೆ ತೊಂಬತ್ತಾದರೂ ತಾವಾಗಿಯೇ ಸಿಡಿದು ಮುಗಿಯಬೇಕು. ಮಿಕ್ಕವುಗಳ ಬ್ಯಾಟರಿ ಸತ್ತು, 120 ದಿನದ ಹೊತ್ತಿಗೆ ಸಾವಿರಕ್ಕೆ ಒಂದಕ್ಕಿಂತ ಹೆಚ್ಚು ಜೀವಂತ ಇರಬಾರದು. ಅಂದರೆ ಹತ್ತು ಸಾವಿರ ಎರಚಿದರೆ ನಾಲ್ಕು ತಿಂಗಳ ಮೇಲೆ ಹತ್ತಕ್ಕೆ ಮಾತ್ರ ಪರವಾನಗಿ. ಆ ಹತ್ತು ಯಾವುವು ಎಂಬುದನ್ನು ಎಮ್ಮೆ ಮೇಯಿಸಲು ಹೋದವರೇ ಪತ್ತೆ ಮಾಡಿಕೊಳ್ಳಬೇಕು.

ಈ ಪ್ರೊಟೊಕಾಲಿನ ತಾಯಿ ಒಪ್ಪಂದ 1980ರ ಅಕ್ಟೋಬರ್ 10ರದ್ದು. ಪೂರ್ಣ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಒಂದು ಲೋಟ ಕಾಫಿ ಆರುತ್ತದೆ: ಅತಿಯಾಗಿ ಗಾಯಗೊಳಿಸುವಂಥವು ಅಥವಾ ಗುರಿಭೇದವಿಲ್ಲದೆ ಬಡಿಯುವಂಥವು ಎಂದು ಭಾವಿಸಬಹುದಾದ ಕೆಲವು ಸಾಂಪ್ರದಾಯಿಕ ಆಯುಧಗಳ ಬಳಕೆಯ ಮೇಲಿನ ನಿಷೇಧ ಅಥವಾ ನಿರ್ಬಂಧಗಳ ಒಪ್ಪಂದ. 'ಅಥವಾ', 'ಭಾವಿಸಬಹುದಾದ', 'ಕೆಲವು' ಎಂಬ ಪದಗಳೇ ಇಲ್ಲಿ ದುಡಿಯುತ್ತಿರುವವು. ಉಳಿದದ್ದು ಅಲಂಕಾರ.

ಮೊದಲ ಪ್ರೊಟೊಕಾಲ್ ಒಂದೇ ವಾಕ್ಯದ್ದು: ಎಕ್ಸ್-ರೇಗೆ ಕಾಣಿಸದ ಚೂರುಗಳಿಂದ ಗಾಯಗೊಳಿಸುವುದೇ ಮುಖ್ಯ ಪರಿಣಾಮವಾದ ಆಯುಧ ಕೂಡದು. ಅಂಥ ಆಯುಧವನ್ನು ಯಾವ ಸೈನ್ಯವೂ ನೆಚ್ಚಿಕೊಂಡಿರಲಿಲ್ಲ. ಹಾಗಾಗಿ ತಕರಾರಿಲ್ಲದೆ ಪಾಸಾಯಿತು. ಇಲ್ಲದ ಎಮ್ಮೆಯ ಹಾಲು ಕರೆಯಬಾರದೆಂದು ಊರೆಲ್ಲ ಪ್ರಮಾಣ ಮಾಡಿದ ಹಾಗೆ.

ಇದ್ದ ಎಮ್ಮೆಯ ಮಾತು ಬಂದಾಗ ಸಂಗತಿ ಸೂಕ್ಷ್ಮವಾಗುತ್ತದೆ. ಬೂಬಿ ಟ್ರ್ಯಾಪನ್ನು, ಅಂದರೆ ಸಾಧುವೆಂಬಂತೆ ಕಾಣುವ ವಸ್ತುವಿನಲ್ಲಿ ಅಡಗಿ ಮುಟ್ಟಿದೊಡನೆ ಸಿಡಿಯುವ ಬಾಂಬನ್ನು, ಯಾವುದಕ್ಕೆಲ್ಲ ಕಟ್ಟಬಾರದು ಎಂಬ ಪಟ್ಟಿ ನೋಡಿ. ಮಕ್ಕಳ ಆಟಿಕೆ, ಔಷಧ, ಗೋರಿ, ಗಾಯಾಳು, ಹೆಣ, ಪ್ರಾಣಿ, ಸತ್ತ ಪ್ರಾಣಿ, ಊಟ, ಪಾನೀಯ. ಆಮೇಲೆ ಬರುತ್ತದೆ ಅಡುಗೆ ಪಾತ್ರೆ. ಅದಕ್ಕೂ ಕಟ್ಟಬಾರದು, ಆದರೆ ಸೇನಾ ನೆಲೆಯಲ್ಲಿದ್ದರೆ ಅಡ್ಡಿಯಿಲ್ಲ. ಅಜ್ಜಿಯ ಮನೆಯ ಸೌಟಿಗೆ ಅಂತರರಾಷ್ಟ್ರೀಯ ಕಾನೂನಿನ ರಕ್ಷೆಯಿದೆ, ಮಿಲಿಟರಿ ಮೆಸ್ಸಿನ ಸೌಟಿಗೆ ಇಲ್ಲ. ಅದೇ ಸೌಟು ಅಜ್ಜಿಯ ಮನೆಯಿಂದ ಮೆಸ್ಸಿಗೆ ಎರವಲು ಹೋದರೆ ದಾರಿಯಲ್ಲಿ ಅದರ ಸ್ಥಾನಮಾನ ಏನು ಎಂಬುದಕ್ಕೆ ಅನುಬಂಧದಲ್ಲೂ ಉತ್ತರವಿಲ್ಲ.

ಬೆಂಕಿ ಆಯುಧಗಳದ್ದು ಮೂರನೆಯದು. ಕಾಡಿಗೆ ಬೆಂಕಿ ಹಾಕಬಾರದು, ಅದರೊಳಗೆ ಸೈನಿಕರು ಅಡಗಿದ್ದರೆ ಹಾಕಬಹುದು. ಸುಮ್ಮನೆ ನಿಂತ ಕಾಡಿಗೆ ಬಾಂಬು ಹಾಕಲು ಯಾರಿಗೆ ಪುರುಸೊತ್ತಿದೆ? ಇನ್ನು ಬಿಳಿ ರಂಜಕ. ಗಾಯದೊಳಗೆ ಉಳಿದ ತುಣುಕು ಬ್ಯಾಂಡೇಜು ಬಿಚ್ಚಿ ಗಾಳಿ ತಾಗಿದೊಡನೆ ಮತ್ತೆ ಹೊತ್ತಿಕೊಳ್ಳುತ್ತದೆ. ಆದರೂ ಹೊಗೆ ಎಬ್ಬಿಸುವುದಕ್ಕೆಂದು ತಯಾರಾಗಿ, ಸುಡುವುದು 'ಪ್ರಾಸಂಗಿಕ'ವಾದ ಶೆಲ್ಲುಗಳು ಈ ಪ್ರೊಟೊಕಾಲಿನ ಲೆಕ್ಕದಲ್ಲಿ ಬೆಂಕಿ ಆಯುಧವೇ ಅಲ್ಲ. ಮೈಮೇಲೆ ಬಿದ್ದದ್ದು ಹೊಗೆಯ ಉದ್ದೇಶದ್ದೋ ಬೆಂಕಿಯ ಉದ್ದೇಶದ್ದೋ ಎಂದು ಚರ್ಮಕ್ಕೆ ತಿಳಿಯದಿದ್ದರೆ ಅದು ಚರ್ಮದ ಅಜ್ಞಾನ.

ನನ್ನ ಮೆಚ್ಚಿನದು ನಾಲ್ಕನೆಯದು, 1995ರದ್ದು. ಶಾಶ್ವತವಾಗಿ ಕುರುಡಾಗಿಸಲೆಂದೇ ರೂಪಿಸಿದ ಲೇಸರ್ ನಿಷಿದ್ಧ. ಬಳಕೆಗೆ ಬರುವ ಮೊದಲೇ ತಡೆದದ್ದು ದೊಡ್ಡ ಕೆಲಸ, ಅದರಲ್ಲಿ ಕೊಂಕಿಲ್ಲ. ಆದರೆ ಕುರುಡು ಎಂದರೆ ಎಷ್ಟು? ಸ್ನೆಲೆನ್ ಪಟ್ಟಿಯಲ್ಲಿ 20/200ಕ್ಕಿಂತ ಕಡಿಮೆ, ಎರಡೂ ಕಣ್ಣು ತೆರೆದು ಅಳೆದಾಗ. ನಮ್ಮ ಕಣ್ಣಾಸ್ಪತ್ರೆಗಳ ಭಾಷೆಯಲ್ಲಿ 6/60, ಪಟ್ಟಿಯ ತುತ್ತತುದಿಯಲ್ಲಿರುವ ಆ ಒಂದೇ ಒಂದು ದಪ್ಪಕ್ಷರ. ಆರು ಮೀಟರ್ ದೂರದಿಂದ ಅದೊಂದನ್ನು ಓದಿಬಿಟ್ಟರೆ ನೀವು ಕಾನೂನಿನ ಪ್ರಕಾರ ಕುರುಡರಲ್ಲ, ನಿಮಗಾದದ್ದು ಗಂಭೀರ ಹಾನಿಯೂ ಅಲ್ಲ. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದರಲ್ಲಿ ಓದಿದರೂ ಅಷ್ಟೆ. ರಕ್ಷಣೆ ಇರುವುದು ಬರಿಗಣ್ಣಿಗೆ ಮತ್ತು ಕನ್ನಡಕದ ಕಣ್ಣಿಗೆ. ದುರ್ಬೀನು ಹಿಡಿದವನು ಕಣ್ಣನ್ನು ತನ್ನ ಜವಾಬ್ದಾರಿಯ ಮೇಲೆ ಇಟ್ಟುಕೊಂಡಿರತಕ್ಕದ್ದು.

ತಕ್ಕಡಿ ಹಿಡಿಯುವ ಈ ಚಾಳಿ ಹಳೆಯದು. 1868ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಸೇರಿದವರು 400 ಗ್ರಾಮಿಗಿಂತ ಹಗುರವಾದ ಸಿಡಿಗುಂಡು ಕ್ರೂರ ಎಂದು ಘೋಷಿಸಿದರು. ಅದಕ್ಕಿಂತ ತೂಕದ್ದು ಫಿರಂಗಿಯ ಪಾಲು, ಅದರ ತಂಟೆಗೆ ಹೋಗಲಿಲ್ಲ. ಮುಂದೆ ವಿಮಾನಗಳಿಗೆ 20 ಮಿಲಿಮೀಟರ್ ತೋಪು ಬಂದಾಗ ಅದರ ಸಿಡಿಗುಂಡು 400ರ ಹತ್ತಿರಕ್ಕೂ ಬರಲಿಲ್ಲ. ಆಗ ಯಾರೂ ತಕ್ಕಡಿ ತರಲಿಲ್ಲ. 1899ರಲ್ಲಿ ಹೇಗ್ ನಗರದಲ್ಲಿ ಮೈಯೊಳಗೆ ಹೊಕ್ಕು ಅರಳುವ ಗುಂಡಿನ ಸರದಿ. ಕೋಲ್ಕತ್ತದ ಪಕ್ಕದ ದಮ್‌ದಮ್ ಕಾರ್ಖಾನೆಯಿಂದಲೇ ಅದಕ್ಕೆ ಹೆಸರು ಬಂದದ್ದು. ನಿಷೇಧ ಸಹಿ ಹಾಕಿದ ದೇಶಗಳ ನಡುವಿನ ಯುದ್ಧಕ್ಕೆ ಮಾತ್ರ. ವಸಾಹತಿನ ಬಂಡಾಯಗಾರರು ಸಹಿ ಹಾಕುವವರ ಪೈಕಿ ಇರಲಿಲ್ಲವಲ್ಲ.

ಜಿನೀವಾದಲ್ಲಿ ಎಲ್ಲಕ್ಕೂ ಸರ್ವಾನುಮತ ಬೇಕು. ಇದರಿಂದ ರೋಸಿಹೋದ ದೇಶಗಳು ಹೊರಗೆ ಹೋಗಿ 1997ರಲ್ಲಿ ಒಟ್ಟಾವದಲ್ಲಿ ನೆಲಬಾಂಬನ್ನೂ 2008ರಲ್ಲಿ ಓಸ್ಲೋದಲ್ಲಿ ಮರಿಬಾಂಬುಗಳನ್ನು ಚೆಲ್ಲುವ ಕ್ಲಸ್ಟರ್ ಬಾಂಬನ್ನೂ ಪೂರ್ತಿ ನಿಷೇಧಿಸಿಕೊಂಡವು. ಆಗ ಜಿನೀವಾಕ್ಕೂ ಹುರುಪು ಬಂತು. 2011ರಲ್ಲಿ ಅದು ಮುಂದಿಟ್ಟ ಕರಡು 1980ಕ್ಕೆ ಮುಂಚಿನ ಕ್ಲಸ್ಟರ್ ಬಾಂಬುಗಳನ್ನು ನಿಷೇಧಿಸುತ್ತಿತ್ತು, ಅಂದರೆ ಗೋದಾಮಿನಲ್ಲಿ ಮುಪ್ಪಾದವನ್ನು. ಓಸ್ಲೋದವರು ಒಪ್ಪಲಿಲ್ಲ, ಬಿದ್ದುಹೋಯಿತು. 2023ರ ಜುಲೈಯಲ್ಲಿ ಅಮೆರಿಕ ಉಕ್ರೇನಿಗೆ ಕ್ಲಸ್ಟರ್ ಶೆಲ್ ಕೊಟ್ಟಾಗ ವಿಫಲವಾಗುವುದು 2.35 ಶೇಕಡಕ್ಕಿಂತ ಹೆಚ್ಚಿಲ್ಲ ಎಂದು ಭರವಸೆ ಕೊಟ್ಟಿತು. ದಶಮಾಂಶ ಎರಡು ಸ್ಥಾನದವರೆಗೆ ಲೆಕ್ಕ ಕೊಟ್ಟವರನ್ನು ನಂಬದಿರುವುದು ಹೇಗೆ? 155 ಮಿಲಿಮೀಟರಿನ ಎಂ483ಎ1 ಶೆಲ್ಲಿನೊಳಗೆ 88 ಮರಿಬಾಂಬು. ಆ ದರದಲ್ಲೇ ಗುಣಿಸಿದರೂ ಶೆಲ್ಲಿಗೆ ಎರಡು ಸಿಡಿಯದೆ ಬಿದ್ದಿರುತ್ತವೆ. ಇನ್ನು ಒಟ್ಟಾವ. 2025ರಲ್ಲಿ ಫಿನ್‌ಲ್ಯಾಂಡ್, ಪೋಲೆಂಡ್ ಮತ್ತು ಮೂರು ಬಾಲ್ಟಿಕ್ ದೇಶಗಳು ಅಲ್ಲಿಂದ ಹೊರಡಲು ಚೀಟಿ ಬರೆದುಕೊಟ್ಟವು. ಹೊರಹೋಗಲು ನೋಟಿಸ್ ಅವಧಿ ಆರು ತಿಂಗಳು, ಬಾಡಿಗೆ ಮನೆಗಿಂತ ತುಸು ಜಾಸ್ತಿ.

ಈಗಿನ ಕಾರ್ಯಸೂಚಿ ತಾನೇ ಗುರಿ ಆರಿಸಿ ಕೊಲ್ಲುವ ಯಂತ್ರ. ಮಾತುಕತೆ ಶುರುವಾದದ್ದು 2014ರಲ್ಲಿ. ಸರ್ಕಾರಿ ತಜ್ಞರ ಗುಂಪಿನ ಮೊದಲ ಸಭೆ 2017ರ ಆಗಸ್ಟಿಗೆ ನಿಗದಿಯಾಗಿ ರದ್ದಾಯಿತು. ಯಂತ್ರಗಳೇನೂ ಅಡ್ಡ ಬರಲಿಲ್ಲ, ಸದಸ್ಯ ದೇಶಗಳು ವಂತಿಗೆ ಕಟ್ಟಿರಲಿಲ್ಲ. ನವೆಂಬರಿನಲ್ಲಿ ಸಭೆ ಕೂತಾಗ ಅಧ್ಯಕ್ಷ ಪೀಠದಲ್ಲಿದ್ದವರು ಭಾರತದ ರಾಯಭಾರಿ ಅಮನ್‌ದೀಪ್ ಸಿಂಗ್ ಗಿಲ್. 2023ರ ಡಿಸೆಂಬರಿನಲ್ಲಿ ಇದೇ ವಿಷಯ ವಿಶ್ವಸಂಸ್ಥೆಯ ಮಹಾಸಭೆಗೆ ಹೋದಾಗ ಪರ 152, ವಿರುದ್ಧ 4. ಆ ನಾಲ್ಕರಲ್ಲಿ ರಷ್ಯಾ, ಬೆಲಾರೂಸ್, ಮಾಲಿ ಜೊತೆ ನಾವೂ ಇದ್ದೆವು. ಈ ಮಾತಿಗೆ ಜಿನೀವಾವೇ ಸರಿಯಾದ ಜಾಗ ಎಂಬುದು ನಮ್ಮ ವಾದ.

ಜಿನೀವಾದ ತಜ್ಞರಿಗೆ ಕೊಟ್ಟಿರುವ ಆದೇಶ ಹೀಗಿದೆ: ಒಂದು ದಸ್ತಾವೇಜಿನ ಅಂಶಗಳನ್ನು ಸರ್ವಾನುಮತದಿಂದ ರೂಪಿಸಿ, ಅದರ ಸ್ವರೂಪ ಏನೆಂದು ಮುಂಚಿತವಾಗಿ ತೀರ್ಮಾನಿಸದೆ. ದೋಸೆಯೋ ಇಡ್ಲಿಯೋ ಎಂದು ಕೇಳಕೂಡದು, ಹಿಟ್ಟು ರುಬ್ಬುತ್ತಿರಿ. ರುಬ್ಬಲು ವರ್ಷಕ್ಕೆ ಹತ್ತು ದಿನ. ಯಾರಾದರೂ ಒಬ್ಬರು ಬೇಡ ಅಂದರೆ ಗ್ರೈಂಡರ್ ಆಫ್.