ಮುಚ್ಚಿದ ಪೆಟ್ಟಿಗೆಯೊಳಗಿನ ಫೋಟೊ

ಪೇಪರ್ ಡೆಸ್ಕ್‌ನಲ್ಲಿ ಹದಿನೈದು ವರ್ಷ ಫೋಟೊಗಳಿಗೆ ಕ್ಯಾಪ್ಷನ್ ಬರೆದವನು ನಾನು. ಫೋಟೊ ಬಂತಾ, ಕ್ರಾಪ್ ಮಾಡು, ರಕ್ತ ಕಾಣುವ ಕಡೆ ಮಸುಕು ಮಾಡು, ಕೆಳಗೊಂದು ಸಾಲು ಹಾಕು, ಪುಟ ಬಿಡು. 'ಸಂಬಂಧಿಕರ ಆಕ್ರಂದನ ಮುಗಿಲು ಮುಟ್ಟಿತ್ತು' ಅಂತ ಎಷ್ಟು ಸಲ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಆ ಮುಗಿಲಿಗೂ ಸಾಕಾಗಿರಬೇಕು.

ಅದಕ್ಕೇ ಇರಬೇಕು, ಕಲಾವಿದ ಅಲ್ಫ್ರೆಡೊ ಜಾರ್ ಅವರ 'ರಿಯಲ್ ಪಿಕ್ಚರ್ಸ್' ಅನ್ನುವ ಪ್ರದರ್ಶನದ ಬಗ್ಗೆ ಓದಿದ ಮೇಲೆ ಅದು ತಲೆಯಿಂದ ಇಳಿಯುತ್ತಲೇ ಇಲ್ಲ. ಜಾರ್ ಚಿಲಿ ದೇಶದವರು, 1982ರಿಂದ ನ್ಯೂಯಾರ್ಕ್‌ನಲ್ಲಿದ್ದಾರೆ. 1994ರ ಆಗಸ್ಟ್‌ನಲ್ಲಿ ಆಫ್ರಿಕಾದ ರುವಾಂಡಾಕ್ಕೆ ಹೋದರು. ಅಷ್ಟರಲ್ಲಿ ಅಲ್ಲಿ ಸುಮಾರು 100 ದಿನಗಳಲ್ಲಿ 8 ಲಕ್ಷದಷ್ಟು ಜನರ ಕೊಲೆ ಆಗಿಹೋಗಿತ್ತು. ಸತ್ತವರಲ್ಲಿ ಹೆಚ್ಚಿನವರು ಅಲ್ಲಿನ ಅಲ್ಪಸಂಖ್ಯಾತ ಸಮುದಾಯವಾದ ಟುಟ್ಸಿಗಳು. ಜಾರ್ ಸಾವಿರಾರು ಫೋಟೊ ತೆಗೆದರು. ವಾಪಸ್ ಬಂದು ಒಂದನ್ನೂ ಗೋಡೆಗೆ ತೂಗುಹಾಕಲಿಲ್ಲ. 1995ರಲ್ಲಿ ಶಿಕಾಗೊದ ಫೋಟೊಗ್ರಫಿ ಮ್ಯೂಸಿಯಂನಲ್ಲಿ ಅವುಗಳಲ್ಲಿ ಕೆಲವನ್ನು ಆರಿಸಿ ಕಪ್ಪು ಪೆಟ್ಟಿಗೆಗಳಲ್ಲಿ ಮುಚ್ಚಿ, ಗೋರಿಗಳ ಹಾಗೆ ಪೇರಿಸಿಟ್ಟರು. ಮುಚ್ಚಳದ ಮೇಲೆ ಬಿಳಿ ಅಕ್ಷರದಲ್ಲಿ, ಒಳಗಿರುವ ಫೋಟೊದಲ್ಲಿ ಏನಿದೆ ಅನ್ನುವ ವಿವರ. ಅಷ್ಟೇ.

ನಾನು ಈ ಪ್ರದರ್ಶನ ನೋಡಿಲ್ಲ. ಹೋದವರೂ ಫೋಟೊ ನೋಡಿಲ್ಲ, ಬಿಡಿ.

'ಇದೆಲ್ಲ ಗ್ಯಾಲರಿಯವರ ಗಿಮಿಕ್' ಅಂತ ಮೊದಲು ನನಗೂ ಅನ್ನಿಸಿತು. ಆಮೇಲೆ ಅವರ ಇನ್ನೊಂದು ಕೆಲಸ ಕಣ್ಣಿಗೆ ಬಿತ್ತು. 1994ರ, ಅಮೆರಿಕದ ನ್ಯೂಸ್‌ವೀಕ್ ಪತ್ರಿಕೆಯ 17 ವಾರಗಳ ಮುಖಪುಟಗಳನ್ನು ಸಾಲಾಗಿ ಹಾಕಿದ್ದಾರೆ. ರಾಕ್ ಗಾಯಕ ಕರ್ಟ್ ಕೋಬೇನ್ ಆತ್ಮಹತ್ಯೆ, ಅಧ್ಯಕ್ಷ ಕೆನಡಿಯ ಹೆಂಡತಿಯಾಗಿದ್ದ ಜಾಕಿ ಒನಾಸಿಸ್ ಸಾವು, ಫುಟ್‌ಬಾಲ್ ಆಟಗಾರ ಓ.ಜೆ. ಸಿಂಪ್ಸನ್ ಮೇಲಿನ ಕೊಲೆ ಕೇಸು. ಪ್ರತಿ ಮುಖಪುಟದ ಕೆಳಗೆ, ಆ ಹೊತ್ತಿಗೆ ರುವಾಂಡಾದಲ್ಲಿ ಏನಾಗುತ್ತಿತ್ತು ಅನ್ನುವುದು. ಏಪ್ರಿಲ್ 21ರಂದು ವಿಶ್ವಸಂಸ್ಥೆ ತನ್ನ ಶಾಂತಿಪಾಲಕರನ್ನು 270ಕ್ಕೆ ಇಳಿಸಲು ತೀರ್ಮಾನಿಸಿತು. ರುವಾಂಡಾ ಮುಖಪುಟಕ್ಕೆ ಬಂದದ್ದು ಆಗಸ್ಟ್ 1ರ ಸಂಚಿಕೆಯಲ್ಲಿ. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ನ್ಯೂಸ್‌ವೀಕ್ ಒಂದನ್ನೇ ಬಯ್ಯೋದು ಸುಲಭ. ನಮ್ಮ ಡೆಸ್ಕ್‌ನಲ್ಲೂ ಇದೇ ಲೆಕ್ಕ. ಊರಿನ ಸಾವು ಮುಖಪುಟಕ್ಕೆ, ಹೊರದೇಶದ ಸಾವು ಒಳಪುಟದ ಸಿಂಗಲ್ ಕಾಲಂಗೆ. ಜಾಹೀರಾತು ಬಂದರೆ ಅದೂ ಇಲ್ಲ.

ಅಲ್ಲ, ಪತ್ರಿಕೆ ತೋರಿಸಲಿಲ್ಲ ಅಂತ ದೂರುವ ಮನುಷ್ಯ ತಾನೇ ಫೋಟೊ ಮುಚ್ಚಿಡೋದು ಯಾಕೆ? ತಿಂಗಳುಗಟ್ಟಲೆ ನನ್ನನ್ನು ಕಾಡಿದ್ದು ಇದೇ. ನನಗನ್ನಿಸುವುದು ಇಷ್ಟು: ಅವತ್ತು ಕೊರತೆ ಇದ್ದದ್ದು ಹೆಣದ ಫೋಟೊಗಳಿಗಲ್ಲ. ಸತ್ತವರು ಯಾರು, ಎಲ್ಲಿಯವರು, ಯಾರು ಕೊಂದರು ಅಂತ ನಿಂತು ಓದುವ ಜನಕ್ಕೆ. ಪೆಟ್ಟಿಗೆ ಮುಚ್ಚಿದ್ದರೆ ಓದದೆ ಬೇರೆ ದಾರಿಯಿಲ್ಲ. ನಮ್ಮ ಕ್ಯಾಪ್ಷನ್ ಇದ್ದದ್ದು ಫೋಟೊದ ಕೆಳಗೆ ಜಾಗ ತುಂಬಿಸೋಕೆ. ಜಾರ್ ಅವರದ್ದು ಹಾಗಲ್ಲ. ಹೆಸರು, ವಯಸ್ಸು, ಊರು, ತಾರೀಖು ಎಲ್ಲ ಇದೆ. ಆಕ್ರಂದನ ಇಲ್ಲ.

ಒಂದು ಮುಚ್ಚಳದ ಮೇಲಿರುವುದು ರುವಾಂಡಾದ ನ್ಟರಾಮ ಚರ್ಚಿನ ವಿವರ. ರಾಜಧಾನಿ ಕಿಗಾಲಿಯಿಂದ ದಕ್ಷಿಣಕ್ಕೆ 40 ಕಿಲೋಮೀಟರ್. 1994ರ ಆಗಸ್ಟ್ 29, ಸೋಮವಾರ. ಆಸರೆ ಹುಡುಕಿ ಬಂದಿದ್ದ 400 ಟುಟ್ಸಿಗಳನ್ನು ಭಾನುವಾರದ ಪ್ರಾರ್ಥನೆಯ ಹೊತ್ತಿನಲ್ಲಿ ಕೊಂದ ಜಾಗ. ಬಾಗಿಲಲ್ಲಿ ಹೆಣಗಳ ನಡುವೆ 50 ವರ್ಷದ ಒಬ್ಬ ಗಂಡಸು ಕುಕ್ಕರುಗಾಲಲ್ಲಿ ಕೂತು ನೇರ ಕ್ಯಾಮೆರಾ ನೋಡುತ್ತಿದ್ದಾನೆ. ನಾನು ಅವನಿಗೆ ತುಂಬುತೋಳಿನ ಬಿಳಿ ಅಂಗಿ ಹಾಕಿಸಿಬಿಟ್ಟಿದ್ದೇನೆ. ಯಾಕೋ ಗೊತ್ತಿಲ್ಲ, ನೆನಪಾದಾಗಲೆಲ್ಲ ಅದೇ ಅಂಗಿ. ಹದಿನೈದು ವರ್ಷ ನಾನೇ ಕ್ರಾಪ್ ಮಾಡಿದ ಮುಖಗಳಲ್ಲಿ ಒಂದೂ ಇಷ್ಟು ಚೆನ್ನಾಗಿ ನೆನಪಿಲ್ಲ.

ಆದರೂ ಒಂದು ಕಡೆ ಚುಚ್ಚುತ್ತದೆ. ಫೋಟೊ ತೆಗೆಯಿರಿ ಅಂತ ಕೇಳಿಕೊಂಡವನು ಆ ಮನುಷ್ಯನೇ ಅಂತೆ. ಉಗಾಂಡಾದ ಕಂಪಾಲಾದಲ್ಲಿ ಅವನ ಗೆಳೆಯರಿದ್ದರು. ಇದೆಲ್ಲ ನಿಜ, ನಾನೇ ಕಣ್ಣಾರೆ ನೋಡಿದೆ ಅಂತ ಅವರಿಗೆ ತೋರಿಸಬೇಕಿತ್ತು. ಅದೂ ಮುಚ್ಚಳದ ಮೇಲೇ ಬರೆದಿದೆ. ಫೋಟೊ ಮಾತ್ರ ಒಳಗಿದೆ.