ನೀರಿನ ಲೆಕ್ಕ ಬೇರೆ, ಮೂತ್ರದ ಲೆಕ್ಕ ಬೇರೆ
ಡೈಪರ್ ಒಳಗಿನ ಪುಡಿ ತನ್ನ ತೂಕದ 300 ಪಟ್ಟು ನೀರು ಹೀರುತ್ತೆ ಅಂತ ಬರೆದಿದೀರಲ್ಲ ಸರ್, ಅದು ಡಿಸ್ಟಿಲ್ಡ್ ವಾಟರ್‌ಗೆ (ಉಪ್ಪು-ಖನಿಜ ಇಲ್ಲದ ಶುದ್ಧ ನೀರಿಗೆ) ಸರಿ, ಆದ್ರೆ ಮಗು ಮೂತ್ರದಲ್ಲಿ ಉಪ್ಪಿರುತ್ತಲ್ವಾ ಹಂಗಾಗಿ ಅಲ್ಲಿ 30-50 ಪಟ್ಟು ಹೀರಿದ್ರೇ ಹೆಚ್ಚು. ಆ ಪುಡಿ ಅಂದ್ರೆ ಸೋಡಿಯಂ ಪಾಲಿಅಕ್ರಿಲೇಟ್, ಅದರೊಳಗೆ ಸೋಡಿಯಂ ಅಯಾನ್ (ಚಾರ್ಜ್ ಇರೋ ಸೋಡಿಯಂ ಕಣ) ತುಂಬಿರುತ್ತೆ, ಹೊರಗೆ ಅದು ಕಮ್ಮಿ ಇದ್ರೆ ಆಸ್ಮಾಸಿಸ್‌ನಿಂದ (ಉಪ್ಪು ಕಮ್ಮಿ ಇರೋ ಕಡೆಯಿಂದ ಹೆಚ್ಚಿರೋ ಕಡೆಗೆ ನೀರು ಹೋಗೋದು) ನೀರು ಒಳಗೆ ನುಗ್ಗುತ್ತೆ, ಹೊರಗೂ ಉಪ್ಪಿದ್ರೆ ಆ ಎಳೆತ ಕಮ್ಮಿಯಾಗುತ್ತೆ, ಅಷ್ಟೇ. ಮನೆಲೇ ಮಕ್ಕಳಿಗೆ ತೋರಿಸ್ಬಹುದು, ಹೊಸ ಡೈಪರ್ ಹರಿದು ಪುಡಿ ಉದುರಿಸಿ ನೀರು ಹಾಕಿ, ಜೆಲ್ ಆಗಿ ಗಟ್ಟಿಯಾದ್ಮೇಲೆ ಒಂದು ಚಮಚ ಅಡುಗೆ ಉಪ್ಪು ಹಾಕಿ ಕಲಸಿ, ನೋಡ್ತಾ ನೋಡ್ತಾ ನೀರು ಬಿಟ್ಕೊಳ್ಳುತ್ತೆ, ತುಂಬಾ ಚೆನ್ನಾಗಿರುತ್ತೆ ನೋಡೋಕೆ. ಪುಡಿ ಕಣ್ಣು ಮೂಗಿಗೆ ಹೋಗದ ಹಾಗೆ ನೋಡ್ಕೊಳಿ, ಆಮೇಲೆ ಸಿಂಕ್‌ಗೆ ಸುರಿಬೇಡಿ, ಪೈಪ್ ಕಟ್ಕೊಳ್ಳುತ್ತೆ.