ಓ ಡಾಲಿ ಮುನಿಸಿಕೊಂಡು ಹೋದವರಲ್ಲ

ಈಗಷ್ಟೇ ಒಂದು ವಿಡಿಯೋ ನೋಡಿ ತಲೆ ಕೆಟ್ಟುಹೋಗಿದೆ. ಐರ್ಲೆಂಡಿನ ಅಧ್ಯಕ್ಷರಾಗಿದ್ದವರ ಬಗ್ಗೆ. 1974ರಿಂದ 1976ರವರೆಗೆ ಅಧ್ಯಕ್ಷರಾಗಿದ್ದ ಕ್ಯಾರೂಲ್ ಓ ಡಾಲಿ ಅವರ ವಿಷಯ ಬಂದಾಗ ಅದರಲ್ಲಿ ಹೇಳಿದ್ದು ಒಂದೇ ಮಾತು: ಮಂತ್ರಿ ಬೈದ ಅಂತ ಮುನಿಸಿಕೊಂಡು ಕುರ್ಚಿ ಬಿಟ್ಟವರು. ಅಷ್ಟೇನಾ? ಇಷ್ಟು ವರ್ಷ ಕರಿ ಕೋಟು ಹಾಕಿಕೊಂಡು ಓಡಾಡಿದ ನನಗೆ ಸುಮ್ನೆ ಇರೋಕಾಗಲಿಲ್ಲ.

ಅವರು ಎಂಥವರು ಗೊತ್ತಾ? 35ನೇ ವಯಸ್ಸಿಗೇ ಅಟಾರ್ನಿ ಜನರಲ್. 1961ರಿಂದ ದೇಶದ ಮುಖ್ಯ ನ್ಯಾಯಮೂರ್ತಿ. ಆಮೇಲೆ ಯುರೋಪಿನ ನ್ಯಾಯಾಲಯ. 1974ರಲ್ಲಿ ಅಧ್ಯಕ್ಷ ಚೈಲ್ಡರ್ಸ್ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಪಕ್ಷಗಳೆಲ್ಲ ಒಪ್ಪಿ ಇವರನ್ನು ಅವಿರೋಧವಾಗಿ ತಂದು ಕೂರಿಸಿದವು.

1976ರ ಜುಲೈನಲ್ಲಿ ಡಬ್ಲಿನ್‌ನಲ್ಲಿ ಬ್ರಿಟಿಷ್ ರಾಯಭಾರಿಯನ್ನು ಬಾಂಬ್ ಇಟ್ಟು ಕೊಂದರು. ಸರ್ಕಾರ ತುರ್ತು ಅಧಿಕಾರದ ಮಸೂದೆ ತಂತು. ಆರೋಪ ಹೊರಿಸದೆಯೇ ಒಬ್ಬರನ್ನು ಏಳು ದಿನ ಒಳಗಿಡಬಹುದು! ಓ ಡಾಲಿ ಕಣ್ಣು ಮುಚ್ಚಿ ಸಹಿ ಹಾಕಲಿಲ್ಲ. ಅಲ್ಲಿನ ಸಂವಿಧಾನದ 26ನೇ ವಿಧಿಯ ಪ್ರಕಾರ, ಇದು ಸಂವಿಧಾನಕ್ಕೆ ಸರಿಹೊಂದುತ್ತದಾ ನೋಡಿ ಅಂತ ಮಸೂದೆಯನ್ನು ಸುಪ್ರೀಂ ಕೋರ್ಟಿಗೆ ಕಳಿಸಿದರು. ಅದು ಅಧ್ಯಕ್ಷರ ಕೈಯಲ್ಲಿರುವ ಕೆಲವೇ ಅಧಿಕಾರಗಳಲ್ಲಿ ಒಂದು. ಕೋರ್ಟ್ ಸರಿಯಿದೆ ಅಂದಿತು. ಅಕ್ಟೋಬರ್ 16ಕ್ಕೆ ಸಹಿ ಬಿತ್ತು. ಇದರಲ್ಲಿ ತಪ್ಪೇನಿದೆ ಹೇಳಿ?

ಎರಡೇ ದಿನ. ಮಲಿಂಗಾರ್‌ನ ಸೇನಾ ಬ್ಯಾರಕ್ಸ್‌ನಲ್ಲಿ ಹೊಸ ಕ್ಯಾಂಟೀನ್ ಉದ್ಘಾಟನೆ. ರಕ್ಷಣಾ ಮಂತ್ರಿ ಪ್ಯಾಡಿ ಡೊನೆಗನ್ ಎದ್ದು ನಿಂತು, ಮಸೂದೆಯನ್ನು ಕೋರ್ಟಿಗೆ ಕಳಿಸಿದ ಅಧ್ಯಕ್ಷರು ದೇಶಕ್ಕೇ ದೊಡ್ಡ ನಾಚಿಕೆಗೇಡು ಅನ್ನೋ ಅರ್ಥದಲ್ಲಿ ಮಾತಾಡಿದರು. ಎದುರಿಗಿದ್ದವರು ಸೈನಿಕರು. ಆ ಸೈನ್ಯದ ಪರಮೋಚ್ಚ ದಂಡನಾಯಕ ಯಾರು? ಇದೇ ಅಧ್ಯಕ್ಷರು! ಸೈನ್ಯದ ಮುಂದೆ ಅದರ ದಂಡನಾಯಕನ ಮಾನ ತೆಗೆಯೋದು ಬರೀ ಬೈಗುಳ ಅಲ್ಲ ಸ್ವಾಮಿ.

ಮಂತ್ರಿ ಕ್ಷಮೆ ಕೇಳಿದರಲ್ಲ, ಸಹಿಸಿಕೊಳ್ಳಬಹುದಿತ್ತು ಅಂತ ಕೆಲವರು ಅನ್ನಬಹುದು. ನನಗೆ ಬೈದಿದ್ದರೆ ನಾನೂ ಸಹಿಸಿಕೊಳ್ಳುತ್ತಿದ್ದೆ. ಆದರೆ ಇಲ್ಲಿ ಏಟು ಬಿದ್ದದ್ದು ಮನುಷ್ಯನಿಗಲ್ಲ, ಹುದ್ದೆಗೆ. ಡೊನೆಗನ್ ತಾವೇ ರಾಜೀನಾಮೆ ಕೊಡ್ತೀನಿ ಅಂದರೂ ಪ್ರಧಾನಿ ಲಿಯಾಮ್ ಕಾಸ್ಗ್ರೇವ್ ಬೇಡ ಅಂದರು. ಡೊನೆಗನ್ ರಾಜೀನಾಮೆ ಕೊಡಲಿ ಅಂತ ವಿರೋಧ ಪಕ್ಷ ಸಂಸತ್ತಿನಲ್ಲಿ ನಿರ್ಣಯ ತಂತು. 63ಕ್ಕೆ 58, ಸರ್ಕಾರವೇ ಗೆದ್ದಿತು. ಅಧ್ಯಕ್ಷರ ಮಾನ ಕಾಯೋದು ತನ್ನ ಕೆಲಸ ಅಲ್ಲ ಅಂತ ಆ ಸರ್ಕಾರ ಮತ ಹಾಕಿಯೇ ಹೇಳಿದಂತಾಯಿತು, ಅಲ್ವಾ?

ಅಕ್ಟೋಬರ್ 22ಕ್ಕೆ ಓ ಡಾಲಿ ರಾಜೀನಾಮೆ ಕೊಟ್ಟರು. ಹುದ್ದೆಯ ಘನತೆ, ಸ್ವಾತಂತ್ರ್ಯ ಉಳಿಸಲು ತನಗೆ ಉಳಿದಿರೋದು ಇದೊಂದೇ ದಾರಿ ಅಂದರು. ಅಷ್ಟು ದೊಡ್ಡ ಕುರ್ಚಿಯನ್ನು ನಾಲ್ಕೇ ದಿನದಲ್ಲಿ ಬಿಟ್ಟೇಳುವ ಧೈರ್ಯ ನನಗಂತೂ ಇಲ್ಲ. ಅದಕ್ಕೇ ಅವರ ಮೇಲೆ ನನಗೆ ಇಷ್ಟು ಗೌರವ. 1978ರಲ್ಲಿ ಕೆರ್ರಿಯ ಸ್ನೀಮ್ ಊರಲ್ಲಿ ತೀರಿಕೊಂಡರು.

ಇನ್ನೊಂದು ವಿಷಯ ನೆನೆದರೆ ಹೊಟ್ಟೆ ಉರಿಯುತ್ತದೆ. ಅದೇ 1976ರ ಡಿಸೆಂಬರ್‌ನಲ್ಲಿ ಡೊನೆಗನ್ ಅವರನ್ನು ರಕ್ಷಣಾ ಖಾತೆಯಿಂದ ಬೇರೆ ಖಾತೆಗೆ ಹಾಕಿದರು. ಅಕ್ಟೋಬರ್‌ನಲ್ಲೇ ಅಷ್ಟು ಮಾಡಿದ್ದರೆ ಓ ಡಾಲಿ ಹೋಗಬೇಕಾಗಿಯೇ ಇರಲಿಲ್ಲ.